ನೋಂದಾಯಿತ ಪರದೇಶಿ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಹುಟ್ಟಿ ಬೆಳೆದು, ಕುಶಾಲನಗರದ ಅಂಗಡಿಗಳಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವ ಟಿಬೆಟನ್ ಯುವಕ ಯುವತಿಯರು ಅನೇಕರಿದ್ದಾರೆ. ಎಷ್ಟೋ ಮಂದಿಯ ತಂದೆ ತಾಯಿಯೂ ಇಲ್ಲೇ ಹುಟ್ಟಿದವರು. ಟಿಬೆಟ್ಟನ್ನು ಅವರು ಚಿತ್ರಗಳಲ್ಲಿ ಮಾತ್ರ ಕಂಡಿದ್ದಾರೆ. ಆದರೂ ಅವರ ಮನೆಯಲ್ಲಿ ಜೋಪಾನವಾಗಿ ಕಾದಿಟ್ಟ ಒಂದು ದಾಖಲೆ ಅವರನ್ನು ವಿದೇಶೀಯರೆಂದು ಹೇಳುತ್ತದೆ. ಅದು ನೋಂದಣಿ ಪ್ರಮಾಣಪತ್ರ, ಆಡುಮಾತಿನಲ್ಲಿ 'ಆರ್‌ಸಿ'. ಹೆಸರು, ಭಾವಚಿತ್ರ, ವಿಳಾಸ, ಅಧಿಕಾರಿಯ ಮೊಹರು, ಅವಧಿ ಮುಗಿಯುವ ದಿನಾಂಕ ಇವಿಷ್ಟು ಅದರಲ್ಲಿರುತ್ತವೆ. ಆ ದಿನಾಂಕದೊಳಗೆ ಅದನ್ನು ನವೀಕರಿಸಿಕೊಳ್ಳದಿದ್ದರೆ ಹುಟ್ಟಿದ ಊರಿನಲ್ಲಿರುವುದೇ ಕಾನೂನಿಗೆ ವಿರುದ್ಧವಾಗುತ್ತದೆ.

ಬೆಂಗಳೂರಿನ ಕಾಲೇಜಿಗೆ ಬಂದ ಆಫ್ರಿಕಾದ ವಿದ್ಯಾರ್ಥಿಯೂ, ಬಿಡದಿಯ ಕಾರ್ಖಾನೆಗೆ ಬಂದ ಜಪಾನಿನ ಎಂಜಿನಿಯರೂ ಹೀಗೆಯೇ ಹೆಸರು ನೋಂದಾಯಿಸಬೇಕು. ಅವರಿಗೆ ಅದು ಎರಡು ಮೂರು ವರ್ಷಗಳ ಮಾತು. ಕೆಲಸ ಮುಗಿದ ಮೇಲೆ ಹೋಗಲು ಅವರಿಗೊಂದು ದೇಶವಿದೆ. ಬಂದು ಹೋಗುವವರಿಗೆಂದು ಮಾಡಿದ ಈ ನಿಯಮ, ಹೋಗಲು ಬೇರೆ ಊರೇ ಇಲ್ಲದವರ ಮೇಲೂ ಮೂರು ತಲೆಮಾರಿನಿಂದ ನಡೆದುಬಂದಿದೆ. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಈ ನಿಯಮ ಯಾವ ಕಾಲದಲ್ಲಿ, ಯಾವ ಭಯದಿಂದ ಹುಟ್ಟಿತು ಎಂಬುದನ್ನು ನೋಡಬೇಕು.

ಭಯದಿಂದ ಹುಟ್ಟಿದ ಪಟ್ಟಿ

ಪರದೇಶದವರ ಪಟ್ಟಿ ಇಡುವ ಪದ್ಧತಿಗೂ ಯುದ್ಧಕ್ಕೂ ಹಳೆಯ ನಂಟು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಅಲ್ಲಿಂದ ಓಡಿಬಂದವರ ನಡುವೆ ಕ್ರಾಂತಿಕಾರರೂ ಸೇರಿಕೊಂಡಿರಬಹುದೆಂಬ ಅನುಮಾನದಿಂದ ಇಂಗ್ಲೆಂಡ್ 1793ರಲ್ಲಿ ಒಂದು ಕಾಯಿದೆ ತಂದಿತು. ಬಂದಿಳಿದ ವಿದೇಶೀಯರು ಬಂದರಿನಲ್ಲಿ ತಮ್ಮ ವಿವರ ತಿಳಿಸಿ, ನೆಲೆಸಿದ ಊರಿನ ನ್ಯಾಯಾಧಿಕಾರಿಯ ಬಳಿ ಹೆಸರು ಬರೆಸಬೇಕಾಯಿತು. ಮೊದಲ ಮಹಾಯುದ್ಧಕ್ಕೆ ಬ್ರಿಟನ್ ಇಳಿದದ್ದು 1914ರ ಆಗಸ್ಟ್ 4ರಂದು. ವಿದೇಶೀಯರನ್ನು ನಿರ್ಬಂಧಿಸುವ ಕಾಯಿದೆಗೆ ಮರುದಿನವೇ, ಒಂದೇ ದಿನದಲ್ಲಿ, ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟಿತು. ಅಮೆರಿಕ 1940ರಲ್ಲಿ, ಎರಡನೆಯ ಮಹಾಯುದ್ಧ ಯೂರೋಪನ್ನು ಆವರಿಸಿದ್ದಾಗ, 14 ವರ್ಷ ತುಂಬಿದ ವಿದೇಶೀಯರೆಲ್ಲ ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕೆಂದು ವಿಧಿಸಿತು.

ಭಾರತದಲ್ಲಿ ಇದರ ಮೊದಲ ಹೆಜ್ಜೆ 1864ರ ವಿದೇಶೀಯರ ಕಾಯಿದೆ. ಬೇಡವೆನಿಸಿದ ವಿದೇಶೀಯರನ್ನು ದೇಶ ಬಿಟ್ಟು ಹೋಗುವಂತೆ ಆಜ್ಞಾಪಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಅಗತ್ಯ ಬಿದ್ದಾಗ ಪರವಾನಗಿ ಇಲ್ಲದೆ ಅವರು ಬ್ರಿಟಿಷ್ ಇಂಡಿಯಾದಲ್ಲಿ ಸಂಚರಿಸದಂತೆ ತಡೆಯಲೂ ಅದರಲ್ಲಿ ಅವಕಾಶವಿತ್ತು.

ಮೊದಲ ಮಹಾಯುದ್ಧದ ಬಿಸಿ ಕರಾವಳಿಗೂ ತಟ್ಟಿತು. ಮಂಗಳೂರಿನಲ್ಲಿ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಯುದ್ಧ ಶುರುವಾದ ಮೇಲೆ ಶತ್ರು ದೇಶದ ಪ್ರಜೆಗಳೆನಿಸಿಕೊಂಡರು. ಅವರನ್ನು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಹೊರಗೆ ಕಳುಹಿಸಲಾಯಿತು. ಮಿಷನ್ನಿನ ವ್ಯಾಪಾರ ಸಂಸ್ಥೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾಯಿತು. ಅಷ್ಟು ವರ್ಷ ಊರಿನವರೊಡನೆ ಬಾಳಿದ್ದರೂ ಯುದ್ಧದ ಹೊತ್ತಿನಲ್ಲಿ ಅದು ಲೆಕ್ಕಕ್ಕೆ ಬರಲಿಲ್ಲ.

ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರು

ಇನ್ನೊಂದು ನೆಲದಲ್ಲಿ ಇದೇ ಬಗೆಯ ನಿಯಮದ ಪೆಟ್ಟನ್ನು ಭಾರತೀಯರೇ ತಿಂದಿದ್ದರು. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಪ್ರಾಂತದಲ್ಲಿ 1906ರಲ್ಲಿ ಏಷ್ಯಾದವರ ನೋಂದಣಿಗೆಂದು ಒಂದು ಸುಗ್ರೀವಾಜ್ಞೆ ಬಂತು. ಲಂಡನ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಆದರೆ ಪ್ರಾಂತಕ್ಕೆ ಸ್ವಯಮಾಡಳಿತ ಸಿಕ್ಕ ಕೂಡಲೇ 1907ರಲ್ಲಿ ಅದೇ ನಿಯಮ ಕಾಯಿದೆಯಾಗಿ ಮತ್ತೆ ಬಂತು. ಭಾರತೀಯರೆಲ್ಲ ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕಿತ್ತು. ಪೊಲೀಸರು ಕೇಳಿದಾಗ ಪತ್ರ ತೋರಿಸಬೇಕಿತ್ತು.

1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಸಭೆ ಈ ಕಾನೂನಿಗೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿತು. ಮುಂದೆ ಸತ್ಯಾಗ್ರಹವೆಂಬ ಹೆಸರು ಪಡೆದ ಹೋರಾಟದ ಆರಂಭವೇ ಅದು. ಕಾಯಿದೆಯನ್ನು ಧಿಕ್ಕರಿಸಿ ಗಾಂಧೀಜಿ 1908ರ ಜನವರಿಯಲ್ಲಿ ಜೈಲಿಗೆ ಹೋದರು. ಅದೇ ತಿಂಗಳ ಕೊನೆಗೆ ಜನರಲ್ ಸ್ಮಟ್ಸ್ ಜೊತೆ ರಾಜಿಯಾಯಿತು. ಭಾರತೀಯರು ತಾವಾಗಿಯೇ ಹೆಸರು ನೋಂದಾಯಿಸುವುದು, ಸರ್ಕಾರ ಕಾಯಿದೆಯನ್ನು ಹಿಂದೆಗೆದುಕೊಳ್ಳುವುದು ಎಂಬುದು ಗಾಂಧೀಜಿ ಅರಿತುಕೊಂಡ ಒಪ್ಪಂದ. ಫೆಬ್ರವರಿ 10ರಂದು ನೋಂದಣಿ ಕಚೇರಿಗೆ ಹೊರಟ ಗಾಂಧೀಜಿಯನ್ನು, ಈ ರಾಜಿಯನ್ನು ದ್ರೋಹವೆಂದು ಬಗೆದ ಮೀರ್ ಆಲಂ ಮತ್ತು ಸಂಗಡಿಗರು ದಾರಿಯಲ್ಲೇ ತಡೆದು ಹೊಡೆದರು. ಗಾಂಧೀಜಿ ಗಾಯಗೊಂಡಿದ್ದರೂ ಹೆಸರು ನೋಂದಾಯಿಸಿದರು. ಆದರೆ ಕಾಯಿದೆ ಹಾಗೆಯೇ ಉಳಿಯಿತು. ಆಗಸ್ಟ್ 16ರಂದು ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಅಂಗಳದಲ್ಲಿ ದೊಡ್ಡ ಕಡಾಯಿಯೊಂದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಸುಟ್ಟರು.

ಈ ಹೋರಾಟದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪಟ್ಟಿಯಲ್ಲಿ ಹೆಸರು ಬರೆಸುವುದಕ್ಕೆ ಗಾಂಧೀಜಿಯ ವಿರೋಧವಿರಲಿಲ್ಲ. ತಾವೇ ಹೋಗಿ ಬರೆಸಿದ್ದರು. ಅಲ್ಲೇ ನೆಲೆಸಿ ದುಡಿಯುತ್ತಿದ್ದ ಒಂದು ಸಮುದಾಯವನ್ನು ಅಪರಾಧಿಗಳಂತೆ ಅನುಮಾನಿಸಿ, ಬಲವಂತದಿಂದ ಪಟ್ಟಿ ಮಾಡುವುದನ್ನು ಅವರು ಒಪ್ಪಲಿಲ್ಲ.

1939ರ ಕಾಯಿದೆ

ಭಾರತದಲ್ಲಿ ನೋಂದಣಿಗೆಂದೇ ಪ್ರತ್ಯೇಕ ಕಾಯಿದೆ ಬಂದದ್ದು 1939ರ ಏಪ್ರಿಲ್‌ನಲ್ಲಿ. ಯೂರೋಪಿನ ಮೇಲೆ ಯುದ್ಧದ ಮೋಡ ಕವಿದಿದ್ದ ಸಮಯ ಅದು. ಬಂದದ್ದು, ಹೋದದ್ದು, ಮನೆ ಬದಲಿಸಿದ್ದು, ಊರು ಬಿಟ್ಟದ್ದು ಎಲ್ಲವನ್ನೂ ವಿದೇಶೀಯರು ಅಧಿಕಾರಿಗೆ ತಿಳಿಸುವಂತೆ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕೆ ಬಂತು. ವಿದೇಶೀಯರು ಇಳಿದುಕೊಳ್ಳುವ ಹೋಟೆಲುಗಳೂ ಮಾಹಿತಿ ಕೊಡಬೇಕಾಯಿತು.

ಸೆಪ್ಟೆಂಬರ್‌ನಲ್ಲಿ ಯುದ್ಧ ಆರಂಭವಾಯಿತು. ಭಾರತದಲ್ಲಿದ್ದ ಜರ್ಮನರನ್ನು ಹಿಡಿದು ಶಿಬಿರಗಳಿಗೆ ಕಳುಹಿಸಲಾಯಿತು. ಹಿಟ್ಲರನ ಕಾಟಕ್ಕೆ ಹೆದರಿ ಓಡಿಬಂದಿದ್ದ ಯಹೂದಿಗಳು ಕೂಡ, ಕೈಯಲ್ಲಿದ್ದ ಜರ್ಮನ್ ಪಾಸ್‌ಪೋರ್ಟಿನ ಕಾರಣ, ಮೊದಲಿಗೆ ಶತ್ರುಗಳ ಸಾಲಿಗೇ ಸೇರಿದರು. ವಿಚಾರಣೆ ನಡೆಸಿ ಹಲವರನ್ನು ಆಮೇಲೆ ಬಿಡಲಾಯಿತು. ಡೆಹ್ರಾಡೂನ್ ಶಿಬಿರದಲ್ಲಿದ್ದ ಆಸ್ಟ್ರಿಯಾದ ಪರ್ವತಾರೋಹಿ ಹೈನ್ರಿಶ್ ಹಾರರ್ 1944ರಲ್ಲಿ ತಪ್ಪಿಸಿಕೊಂಡು ಹಿಮಾಲಯ ದಾಟಿ 1946ರಲ್ಲಿ ಲಾಸಾ ತಲುಪಿದ. ಅಲ್ಲಿ ಬಾಲಕ ದಲೈ ಲಾಮಾಗೆ ಪಾಠ ಹೇಳಿದ. ಹದಿಮೂರು ವರ್ಷಗಳ ನಂತರ ಆ ಶಿಷ್ಯನೇ ಅದೇ ಹಿಮಾಲಯ ದಾಟಿ ಭಾರತಕ್ಕೆ ಆಶ್ರಯ ಕೇಳಿ ಬರಬೇಕಾಯಿತು.

ಯುದ್ಧ ಮುಗಿದರೂ ಕಾಯಿದೆ ಮುಗಿಯಲಿಲ್ಲ. 1946ರ ನವೆಂಬರ್‌ನಲ್ಲಿ ಇನ್ನೂ ವಿಸ್ತಾರವಾದ ವಿದೇಶೀಯರ ಕಾಯಿದೆ ಬಂತು. ಇಂಥ ಊರಿನಲ್ಲೇ ಇರು, ಇಂಥ ಕಡೆ ಹೋಗಬೇಡ, ಇಂಥವರೊಡನೆ ಸೇರಬೇಡ ಎಂದು ಹೇಳುವ ಅಧಿಕಾರ ಸರ್ಕಾರಕ್ಕೆ ಇದರಿಂದ ಸಿಕ್ಕಿತು. ಒಬ್ಬ ವ್ಯಕ್ತಿ ವಿದೇಶೀಯನೋ ಅಲ್ಲವೋ ಎಂಬ ಪ್ರಶ್ನೆ ಬಂದಾಗ, ತಾನು ವಿದೇಶೀಯನಲ್ಲವೆಂದು ರುಜುವಾತು ಮಾಡುವ ಹೊಣೆ ಅವನದೇ ಎಂದು 9ನೇ ಕಲಮು ಹೇಳಿತು. ಸಾಮಾನ್ಯ ಅಪರಾಧದ ಮೊಕದ್ದಮೆಯಲ್ಲಿ ಸಾಬೀತು ಮಾಡುವ ಹೊರೆ ಸರ್ಕಾರದ ಮೇಲಿರುತ್ತದೆ. ಇಲ್ಲಿ ಅದು ತಿರುಗುಮುರುಗಾಯಿತು.

ಸ್ವಾತಂತ್ರ್ಯ ಬಂದ ಮೇಲೂ ಈ ಎರಡು ಕಾಯಿದೆಗಳು ಉಳಿದವು. ವಿದೇಶೀಯರು ಯಾರು ಎಂಬ ಅರ್ಥ ಮಾತ್ರ ಬದಲಾಯಿತು. ಹಳೆಯ ವ್ಯಾಖ್ಯೆಯಲ್ಲಿ ಬ್ರಿಟಿಷ್ ಪ್ರಜೆಯಾಗಿ ಹುಟ್ಟಿದವರು ವಿದೇಶೀಯರಾಗಿರಲಿಲ್ಲ. ಹೀಗಾಗಿ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಪಾಸ್‌ಪೋರ್ಟ್ ಹಿಡಿದು ಹಿಂದಿರುಗಿದವರು ಕೂಡ ಹಲವು ವರ್ಷ ಈ ಕಾಯಿದೆಯ ಕಣ್ಣಿನಲ್ಲಿ ವಿದೇಶೀಯರಾಗಿರಲಿಲ್ಲ. 1957ರ ಜನವರಿಯಲ್ಲಿ ತಿದ್ದುಪಡಿ ಬಂದು, ಭಾರತದ ಪೌರರಲ್ಲದವರೆಲ್ಲ ವಿದೇಶೀಯರು ಎಂದಾಯಿತು. ಅಲಹಾಬಾದಿನಲ್ಲಿ ಹುಟ್ಟಿ, 1953ರಲ್ಲಿ ಪಾಕಿಸ್ತಾನದ ಪಾಸ್‌ಪೋರ್ಟಿನಲ್ಲಿ ಬಂದಿದ್ದ ಒಬ್ಬರ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1961ರಲ್ಲಿ ರದ್ದು ಮಾಡಿತು. ಬಂದಾಗ ಅವರು ವಿದೇಶೀಯರೇ ಆಗಿರಲಿಲ್ಲ ಎಂಬುದೇ ಅದಕ್ಕೆ ಕಾರಣ.

ಠಾಣೆಯ ರಿಜಿಸ್ಟರು

ಕಾಯಿದೆ ದೆಹಲಿಯದಾದರೂ ಕೆಲಸ ನಡೆದದ್ದು ಜಿಲ್ಲೆಗಳಲ್ಲಿ. ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶೀಯರ ನೋಂದಣಿ ಅಧಿಕಾರಿ. ದೊಡ್ಡ ನಗರಗಳಲ್ಲಿ ಕೇಂದ್ರದ ವಲಸೆ ಇಲಾಖೆಗೆ ಸೇರಿದ ಪ್ರತ್ಯೇಕ ಕಚೇರಿಗಳು ಬಂದವು. 1939ರ ನಿಯಮಗಳ ಜಾಗಕ್ಕೆ 1992ರಲ್ಲಿ ಹೊಸ ನಿಯಮಾವಳಿ ಬಂತು. ಈಚಿನ ದಶಕಗಳ ಪದ್ಧತಿಯಂತೆ, 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದವರು 14 ದಿನದೊಳಗೆ ಹೆಸರು ನೋಂದಾಯಿಸಬೇಕು. ಪಾಕಿಸ್ತಾನದವರಿಗೆ ಕೊಟ್ಟ ಗಡುವು 24 ಗಂಟೆ. ನೋಂದಾಯಿಸಿದ ವಿಳಾಸ ಬಿಟ್ಟು ಎಂಟು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆಡೆ ಇರಬೇಕಾದರೆ ಮೊದಲೇ ತಿಳಿಸಬೇಕು. ಹೋಟೆಲಿನವರು ಭರ್ತಿ ಮಾಡುವ 'ಸಿ' ಫಾರಂ 24 ಗಂಟೆಯೊಳಗೆ ಅಧಿಕಾರಿಗೆ ತಲುಪಬೇಕು. 2018ರ ಏಪ್ರಿಲ್‌ನಿಂದ ನೋಂದಣಿಯ ಬಹುಪಾಲು ಕೆಲಸ ಕಂಪ್ಯೂಟರಿನ ಮೂಲಕವೇ ನಡೆಯುವಂತಾಗಿ ಕಚೇರಿಗಳ ಮುಂದಿನ ಸರದಿ ಕಡಿಮೆಯಾಯಿತು.

ಈ ರಿಜಿಸ್ಟರು ಎಷ್ಟು ಬೇಗ ಬಂಧಿಸುವ ಸಾಧನವಾಗಬಲ್ಲದು ಎಂಬುದು 1962ರಲ್ಲಿ ಕಂಡುಬಂತು. ಚೀನಾದೊಡನೆ ಯುದ್ಧವಾದಾಗ ಅಸ್ಸಾಂ, ಬಂಗಾಳಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮಕ್ಕಳು ಮುದುಕರೂ ಇದ್ದರು. ಕೆಲವರು ವರ್ಷಗಟ್ಟಲೆ ಅಲ್ಲೇ ಕಳೆದರು.

ಯುದ್ಧವಿಲ್ಲದ ಕಾಲದಲ್ಲೂ ನೋಂದಣಿ ಮಾಡಿಸಿಕೊಂಡಿರುವುದು ನೆಲೆಯ ಹಕ್ಕಾಗುವುದಿಲ್ಲ. ಬೆಲ್ಜಿಯಂನ ಪಾದ್ರಿಯೊಬ್ಬರು 1937ರಿಂದ ಭಾರತದಲ್ಲೇ ಇದ್ದರು. ವಾಸದ ಪರವಾನಗಿಯನ್ನು ಮತ್ತೆ ಮತ್ತೆ ನವೀಕರಿಸಿಕೊಂಡು ಬಂದಿದ್ದರು. 1980ರ ದಶಕದಲ್ಲಿ ದೇಶ ಬಿಡಬೇಕೆಂಬ ಆಜ್ಞೆ ಬಂದಾಗ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 1991ರ ತೀರ್ಪು ಅವರ ಪರವಾಗಿರಲಿಲ್ಲ. ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ವಿದೇಶೀಯರಿಗೂ ಉಂಟು. ಆದರೆ ಈ ದೇಶದಲ್ಲಿ ನೆಲೆಸುವ ಹಕ್ಕು ಪೌರರಿಗೆ ಮಾತ್ರ ಎಂದು ನ್ಯಾಯಾಲಯ ಹೇಳಿತು. ಅರ್ಧ ಶತಮಾನದ ವಾಸವನ್ನು ದಾಖಲಿಸಿದ್ದ ಪರವಾನಗಿಗಳು, ಆತ ಅಷ್ಟೂ ಕಾಲ ವಿದೇಶೀಯನಾಗಿಯೇ ಇದ್ದರೆಂಬುದಕ್ಕೂ ಸಾಕ್ಷಿಯಾದವು.

ಬೈಲಕುಪ್ಪೆಯ ಕಥೆ

ದಲೈ ಲಾಮಾ 1959ರ ಮಾರ್ಚ್ ಕೊನೆಯಲ್ಲಿ ಗಡಿ ದಾಟಿ ಬಂದ ಮೇಲೆ ಸಾವಿರಾರು ಟಿಬೆಟನ್ನರು ಹಿಂಬಾಲಿಸಿದರು. ಅವರಿಗೆ ನೆಲ ಕೊಡಬೇಕೆಂಬ ಪ್ರಧಾನಿ ನೆಹರೂ ಅವರ ಕೋರಿಕೆಗೆ ಮೈಸೂರು ರಾಜ್ಯ ಓಗೊಟ್ಟಿತು. 1960ರಲ್ಲಿ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುನೆಲ ಗುತ್ತಿಗೆಗೆ ಸಿಕ್ಕಿತು. ಬಂದವರು ಮರ ಕಡಿದು, ಆನೆಗಳ ಹಾವಳಿಯ ನಡುವೆ ಮುಸುಕಿನ ಜೋಳ ಬೆಳೆದರು. ಮುಂದೆ ಮುಂಡಗೋಡ, ಹುಣಸೂರು ಮತ್ತು ಕೊಳ್ಳೇಗಾಲದ ಕಡೆಗಳಲ್ಲೂ ಶಿಬಿರಗಳಾದವು. ಲಾಸಾದ ಸುತ್ತಲ ಮಹಾವಿಹಾರಗಳು ಇಲ್ಲಿ ಮತ್ತೆ ತಲೆಯೆತ್ತಿದವು: ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡದಲ್ಲಿ. ಕೇಂದ್ರ ಗೃಹ ಇಲಾಖೆಯ ಈಚಿನ ವರ್ಷಗಳ ವರದಿಗಳಂತೆ ದೇಶದಲ್ಲಿ ಅತಿ ಹೆಚ್ಚು ಟಿಬೆಟನ್ ನಿರಾಶ್ರಿತರಿರುವ ರಾಜ್ಯ ಕರ್ನಾಟಕ. ಸಂಖ್ಯೆ 21 ಸಾವಿರದ ಆಸುಪಾಸು.

1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯಿದೆಯೂ ಇಲ್ಲ. ಹೀಗಾಗಿ ನಾಡು ಪ್ರೀತಿಯಿಂದ ಕರೆದು ನೆಲ ಕೊಟ್ಟ ಜನರನ್ನು ಕಾನೂನಿನ ಯಾವ ಮನೆಯಲ್ಲಿ ಕೂಡಿಸುವುದು ಎಂಬ ಪ್ರಶ್ನೆ ಬಂದಾಗ, ಸಿಕ್ಕಿದ್ದು 1939 ಮತ್ತು 1946ರ ಕಾಯಿದೆಗಳ ಮನೆಯೊಂದೇ. ಟಿಬೆಟನ್ನರು ವಿದೇಶೀಯರೆಂದು ನೋಂದಣಿಯಾದರು. ಆ ಪತ್ರ ಅವರಿಗೆ ಆಸರೆಯೂ ಆಯಿತು. ಶಾಲೆ, ಬ್ಯಾಂಕು, ಪ್ರಯಾಣ ಎಲ್ಲಕ್ಕೂ ಅದೇ ಗುರುತು. ಬಹಳ ಕಾಲ ಅದನ್ನು ವರ್ಷಕ್ಕೊಮ್ಮೆ, ಕೆಲವೆಡೆ ಆರು ತಿಂಗಳಿಗೊಮ್ಮೆ ನವೀಕರಿಸಬೇಕಿತ್ತು. ಬಹುಕಾಲದಿಂದ ನೆಲೆಸಿದವರಿಗೆ ಮತ್ತು ಇಲ್ಲೇ ಹುಟ್ಟಿದವರಿಗೆ ಐದು ವರ್ಷಗಳ ಅವಧಿ ದೊರೆತದ್ದು 2012ರ ನಂತರವೇ.

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಬೇರೆ ದೇಶದವನು ಎಂಬ ಅರ್ಥದ ಜೊತೆಗೆ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಕಾಯಿದೆಗೆ ಮೊದಲ ಅರ್ಥ ಮಾತ್ರ ಗೊತ್ತು.

ಹುಟ್ಟಿದ ತಾರೀಖಿನ ಲೆಕ್ಕ

ಆದರೆ ಪೌರತ್ವದ ಕಾಯಿದೆಯನ್ನು ಓದಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದವರು, ಕೆಲವು ಸಣ್ಣ ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಪೌರರು. ತಂದೆ ತಾಯಿ ಯಾವ ದೇಶದವರೆಂಬುದು ಅಲ್ಲಿ ಮುಖ್ಯವಲ್ಲ. 1987ರ ನಂತರ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್‌ನಿಂದ ನಿಯಮ ಇನ್ನಷ್ಟು ಬಿಗಿಯಾಯಿತು. ಅಂದರೆ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳಾದರೆ, 1988ರಲ್ಲಿ ಹುಟ್ಟಿದ ತಮ್ಮ ವಿದೇಶೀಯನಾಗಬಹುದು.

ಅನೇಕ ವರ್ಷ ಇದು ಕಾಗದದ ಮೇಲಷ್ಟೇ ಇತ್ತು. ಹಿಮಾಚಲದ ಕಾಂಗ್ರಾದಲ್ಲಿ 1986ರಲ್ಲಿ ಹುಟ್ಟಿದ ಟಿಬೆಟನ್ ಯುವತಿಯೊಬ್ಬಳಿಗೆ ಪಾಸ್‌ಪೋರ್ಟ್ ನಿರಾಕರಿಸಿದಾಗ ದೆಹಲಿ ಹೈಕೋರ್ಟ್ 2010ರ ಡಿಸೆಂಬರ್ 22ರಂದು ಆಕೆಯ ಪರ ತೀರ್ಪು ಕೊಟ್ಟಿತು. ತಾನು ಟಿಬೆಟನ್ ಎಂದು ಅರ್ಜಿಯಲ್ಲಿ ಬರೆದ ಮಾತ್ರಕ್ಕೆ ಹುಟ್ಟಿನಿಂದ ಬಂದ ಪೌರತ್ವ ಅಳಿದುಹೋಗದು ಎಂದಿತು. ಕರ್ನಾಟಕ ಹೈಕೋರ್ಟ್ ಕೂಡ 2013ರ ಆಗಸ್ಟ್‌ನಲ್ಲಿ ಟಿಬೆಟನ್ ಧರ್ಮಗುರುವೊಬ್ಬರ ಅರ್ಜಿಯಲ್ಲಿ ಇದೇ ನಿಲುವು ತಳೆಯಿತು. ಈ ಅವಧಿಯಲ್ಲಿ ಹುಟ್ಟಿದವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಚುನಾವಣಾ ಆಯೋಗ 2014ರಲ್ಲಿ ಸೂಚಿಸಿತು.

ಗೆದ್ದರೂ ಆಯ್ಕೆ ಸುಲಭವಾಗಲಿಲ್ಲ. ಪಾಸ್‌ಪೋರ್ಟ್ ಬೇಕಾದವರು ನೋಂದಣಿ ಪತ್ರವನ್ನು ರದ್ದು ಮಾಡಿಸಬೇಕು, ಟಿಬೆಟನ್ ಶಿಬಿರದಲ್ಲಿ ವಾಸಿಸಬಾರದು, ಅಲ್ಲಿನ ಸವಲತ್ತು ಪಡೆಯಬಾರದು ಎಂಬ ಷರತ್ತುಗಳು 2017ರಲ್ಲಿ ಬಂದವು. ಶಿಬಿರದ ಭೂಮಿ ಗುತ್ತಿಗೆಯದು. ತಂದೆ ತಾಯಿ ಕಟ್ಟಿದ ಮನೆ, ಊರಿನ ಮಠ, ನೆರೆಹೊರೆ ಒಂದು ಕಡೆ. ಪೌರತ್ವದ ಕಾಗದ ಇನ್ನೊಂದು ಕಡೆ. ಜೊತೆಗೆ, ಎಲ್ಲರೂ ಭಾರತೀಯರಾಗಿಬಿಟ್ಟರೆ ಟಿಬೆಟ್ಟಿನ ಪ್ರಶ್ನೆಯನ್ನು ಎತ್ತುವವರು ಯಾರು ಎಂಬ ಚಿಂತೆ ಹಿರಿಯರಲ್ಲಿದೆ. ಹೀಗಾಗಿ ಅರ್ಹತೆಯಿದ್ದರೂ ಆರ್‌ಸಿಯನ್ನೇ ಉಳಿಸಿಕೊಂಡವರಿದ್ದಾರೆ.

ಇದಕ್ಕೆ ಹೋಲಿಸಬಹುದಾದ ಇನ್ನೊಂದು ಪತ್ರವೂ ಭಾರತದಲ್ಲಿದೆ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಸಾಗರೋತ್ತರ ಭಾರತೀಯ ಪೌರತ್ವದ ಕಾರ್ಡ್, ಅಂದರೆ ಓಸಿಐ, ಹೊಂದಿದ್ದರೆ ಮೈಸೂರಿಗೆ ಬಂದು ಎಷ್ಟು ವರ್ಷವಿದ್ದರೂ ಠಾಣೆಯಲ್ಲಿ ಹೆಸರು ಬರೆಸಬೇಕಿಲ್ಲ. ಕಾನೂನಿನಲ್ಲಿ ಅವರೂ ವಿದೇಶೀಯರೇ. ಆದರೆ ಅವರ ಬೇರು ಇಲ್ಲಿದೆ ಎಂಬುದನ್ನು ಸರ್ಕಾರ ಮಾನ್ಯ ಮಾಡಿದೆ.

ಜಪಾನಿನ ಉದಾಹರಣೆಯೂ ಇದೆ. ಅಲ್ಲೇ ಹುಟ್ಟಿ ಬೆಳೆದ ಕೊರಿಯಾ ಮೂಲದವರು 1952ರ ಕಾಯಿದೆಯಂತೆ ವಿದೇಶೀಯರೆಂದು ನೋಂದಣಿ ಮಾಡಿಸಬೇಕಿತ್ತು. ಕೆಲವು ವರ್ಷಗಳಲ್ಲಿ ಬೆರಳಚ್ಚೂ ಕಡ್ಡಾಯವಾಯಿತು. 1980ರ ದಶಕದಲ್ಲಿ ಸಾವಿರಾರು ಜನ ಬೆರಳಚ್ಚು ಕೊಡಲು ನಿರಾಕರಿಸಿದರು. 1991ರಲ್ಲಿ ಅವರಿಗೆ ವಿಶೇಷ ಕಾಯಂ ನಿವಾಸಿಗಳೆಂಬ ಸ್ಥಾನ ದೊರೆಯಿತು. 1993ರಲ್ಲಿ ಅವರ ಬೆರಳಚ್ಚು ನಿಂತಿತು. 2012ರಲ್ಲಿ ಆ ನೋಂದಣಿ ಕಾಯಿದೆಯೇ ಹೋಯಿತು. ಪೌರತ್ವ ಕೊಡದೆಯೂ ದೀರ್ಘಕಾಲದ ನೆಲೆಯನ್ನು ಒಪ್ಪಿಕೊಳ್ಳುವ ಮಾರ್ಗ ಅದು.

ಹೊಸ ಕಾಯಿದೆ

ಭಾರತದಲ್ಲಿ 1939 ಮತ್ತು 1946ರ ಕಾಯಿದೆಗಳು ಈಗ ಇತಿಹಾಸಕ್ಕೆ ಸೇರಿವೆ. ಅವುಗಳ ಜೊತೆ 1920ರ ಪಾಸ್‌ಪೋರ್ಟ್ ಕಾಯಿದೆ ಮತ್ತು 2000ದ ವಿಮಾನ, ಹಡಗು ಸಂಸ್ಥೆಗಳ ಹೊಣೆಗಾರಿಕೆಯ ಕಾಯಿದೆಯನ್ನೂ ರದ್ದುಗೊಳಿಸಿ, 2025ರ ವಲಸೆ ಮತ್ತು ವಿದೇಶೀಯರ ಕಾಯಿದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಹೋಟೆಲುಗಳ ಜೊತೆ ವಿಶ್ವವಿದ್ಯಾಲಯ, ಆಸ್ಪತ್ರೆಗಳೂ ವಿದೇಶೀಯರ ಮಾಹಿತಿ ಕೊಡಬೇಕೆಂದು ಅದು ಹೇಳುತ್ತದೆ. ರುಜುವಾತಿನ ಹೊಣೆ ಹಿಂದಿನಂತೆ ವ್ಯಕ್ತಿಯ ಮೇಲೆಯೇ ಇದೆ. ಅದೇ ತಿಂಗಳು ಹೊರಬಿದ್ದ ವಿನಾಯಿತಿ ಆದೇಶದಲ್ಲಿ, ನೋಂದಣಿ ಪತ್ರ ಪಡೆದು ನೆಲೆಸಿರುವ ಟಿಬೆಟನ್ನರಿಗೂ ಪಾಸ್‌ಪೋರ್ಟ್ ಮತ್ತು ವೀಸಾ ಬೇಕೆಂಬ ನಿಯಮದಿಂದ ಬಿಡುಗಡೆ ಸಿಕ್ಕಿತು. ಆ ಬಿಡುಗಡೆಗೆ ಆಧಾರ ಅದೇ ಹಳೆಯ ಆರ್‌ಸಿ.

ಯಾರು ಬಂದರು, ಎಲ್ಲಿದ್ದಾರೆ ಎಂದು ತಿಳಿದಿರುವುದು ಯಾವ ದೇಶಕ್ಕೂ ಅಗತ್ಯವೇ. ಟ್ರಾನ್ಸ್‌ವಾಲ್‌ನ ಭಾರತೀಯರೂ ಅದನ್ನು ಅಲ್ಲಗಳೆದಿರಲಿಲ್ಲ. ನಾಲ್ಕು ಕಾಯಿದೆಗಳನ್ನು ಒಂದಾಗಿಸಿ ಬರೆಯುವ ಅವಕಾಶ ಬಂದಾಗಲೂ, ನಿರಾಶ್ರಿತರು ಎಂಬ ಪ್ರತ್ಯೇಕ ವರ್ಗಕ್ಕೆ ಅದರಲ್ಲಿ ಸ್ಥಾನ ಸಿಗಲಿಲ್ಲ. ಬೈಲಕುಪ್ಪೆಯಲ್ಲಿ ನಾಲ್ಕನೆಯ ತಲೆಮಾರಿನ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಅವರ ನೆಲೆ ಇಂದಿಗೂ ಸರ್ಕಾರ ಹೊರಡಿಸಿದ, ಸರ್ಕಾರವೇ ಬದಲಿಸಬಹುದಾದ ಒಂದು ಆದೇಶದ ಮೇಲೆ ನಿಂತಿದೆ.